ಬೋರ್ಡಿನಲ್ಲಿ 60, ಸ್ಕ್ರೀನಿನಲ್ಲಿ 29

(ಪುಣೆಯಲ್ಲಿ ಕನ್ನಡಿಗರ ತಿಂಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ.

ಅಧ್ಯಕ್ಷರು ನನಗೆ ಕೊಟ್ಟ ವಿಷಯ ‘ವಿದ್ಯುತ್ ವಾಹನಗಳು ಮತ್ತು ಪರಿಸರ’. ಪರಿಸರದ ಬಗ್ಗೆ ನನಗಿಂತ ಬಲ್ಲವರು ಇಲ್ಲೇ ಮೂರು ಜನ ಕೂತಿದ್ದಾರೆ. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ 28 ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಂಡವನು. ನನಗೆ ಗೊತ್ತಿರುವುದು ವೋಲ್ಟು, ಆಂಪು, ಮತ್ತೆ ಲೈನ್ ನಿಂತಾಗ ಬೈಸಿಕೊಳ್ಳುವುದು. ಹಾಗಾಗಿ ವಿಷಯವನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. ಅಧ್ಯಕ್ಷರು ಕ್ಷಮಿಸಬೇಕು, ಅವರಿಗೆ ಇದು ಈಗಷ್ಟೇ ಗೊತ್ತಾಗುತ್ತಿದೆ.

ದೀಪಾವಳಿಗೆ ಇನ್ನು ಎರಡೇ ವಾರ. ಇಲ್ಲಿ ಕೂತವರಲ್ಲಿ ಅರ್ಧ ಜನ ಊರಿಗೆ ಹೊರಡುವವರು. ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಮೇಲೆ ಬರುವಾಗ ಪಾರ್ಕಿಂಗ್‌ನಲ್ಲಿ ಎಣಿಸಿದೆ, ಹಸಿರು ನಂಬರ್ ಪ್ಲೇಟಿನ, ಅಂದರೆ ವಿದ್ಯುತ್ ಕಾರು 11 ಇವೆ. ಹೋದ ವರ್ಷ ಇದೇ ಸಭೆಗೆ ಬಂದಿದ್ದು ನಾಲ್ಕು. ಲಿಫ್ಟ್‌ನಲ್ಲಿ ಸಿಕ್ಕರೂ, ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಎಲ್ಲರದೂ ಒಂದೇ ಪ್ರಶ್ನೆ: ‘ದಾರಿಯಲ್ಲಿ ಫಾಸ್ಟ್ ಚಾರ್ಜಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಸರ್?’ ನಾನು ಉತ್ತರ ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿಬಿಡುತ್ತಾರೆ, ‘60 ಕಿಲೋವ್ಯಾಟ್ ಚಾರ್ಜರ್ ಇದೆಯಂತೆ, ಮುಕ್ಕಾಲು ಗಂಟೆ ಸಾಕಲ್ವಾ?’

ಸಾಕಾಗಬಹುದು. ಎರಡು ಗಂಟೆಯೂ ಆಗಬಹುದು. ಯಾಕೆ ಅಂತ ಹೇಳೋಕೆ ಹೋದ ದೀಪಾವಳಿಯ ಕಥೆ ಹೇಳಬೇಕು. ಕೆಲವರು ಇದನ್ನು ಆಗಲೇ ಕೇಳಿದ್ದೀರಿ. ಇನ್ನೊಮ್ಮೆ ಕೇಳಿ, ಪರವಾಗಿಲ್ಲ.

ನನ್ನ ಕಾರಿನ ಬ್ಯಾಟರಿ 45 ಯುನಿಟ್‌ನದು. ಕಿಲೋವ್ಯಾಟ್ ಅವರ್ ಅನ್ನುವುದನ್ನು ನಾನು ಯುನಿಟ್ ಅಂತಲೇ ಕರೆಯುತ್ತೇನೆ, ಕರೆಂಟ್ ಬಿಲ್‌ನಲ್ಲಿ ಬರುವ ಯುನಿಟ್ಟೇ ಅದು. ಬರೀ ಕಿಲೋವ್ಯಾಟ್ ಅಂದರೆ ತುಂಬುವ ವೇಗ; 60 ಕಿಲೋವ್ಯಾಟ್ ಅಂದರೆ ಗಂಟೆಗೆ 60 ಯುನಿಟ್. ಬೆಳಿಗ್ಗೆ ಮನೆಯಲ್ಲಿ 100 ಪರ್ಸೆಂಟ್ ತುಂಬಿಸಿಕೊಂಡು ಹೊರಟೆವು. ನಾನು, ನನ್ನ ಹೆಂಡತಿ, ಹಿಂದಿನ ಸೀಟಿನಲ್ಲಿ ಅಮ್ಮ. ಅಮ್ಮನ ತೊಡೆಯ ಮೇಲೆ ಹುಬ್ಬಳ್ಳಿಯ ನನ್ನ ತಂಗಿಗೆ ಅಂತ ಒಂದು ಡಬ್ಬಿ ಚಕ್ಕಲಿ. ಅಲ್ಲಿ ಮುಂದಿನ ಸಾಲಿನಲ್ಲಿ ಕೂತು ಅಮ್ಮ ತಲೆ ಅಲ್ಲಾಡಿಸುತ್ತಿದ್ದಾಳೆ ನೋಡಿ. ಚಕ್ಕಲಿ ಅಲ್ಲವಂತೆ, ಶೇಂಗಾ ಹೋಳಿಗೆ. ಸರಿ, ಶೇಂಗಾ ಹೋಳಿಗೆ.

ಖಂಬಾಟ್ಕಿ ಘಾಟ್ ಹತ್ತಿದ್ದಾಯಿತು, ಸಾತಾರಾ ದಾಟಿದ್ದಾಯಿತು. ರಸ್ತೆ ಖಾಲಿ ಇತ್ತು, ಅಮ್ಮನಿಗೆ ನಿದ್ದೆ ಬಂದಿತ್ತು, ನಾನು ಸ್ವಲ್ಪ ಜಾಸ್ತಿಯೇ ಓಡಿಸಿದೆ. 80ರಲ್ಲಿ ಹೋಗುವುದಕ್ಕೂ 100ರಲ್ಲಿ ಹೋಗುವುದಕ್ಕೂ ಗಾಳಿಯ ತಡೆ ಒಂದೂವರೆ ಪಟ್ಟು ಏರುತ್ತೆ. ಕರಾಡ ಹತ್ತಿರ ಬರುವಾಗ 37 ಪರ್ಸೆಂಟ್ ಉಳಿದಿತ್ತು. ಕೊಲ್ಲಾಪುರ ಇನ್ನು 70 ಕಿಲೋಮೀಟರ್, ಆರಾಮಾಗಿ ಹೋಗಬಹುದಿತ್ತು. ಆದರೆ ಹೊಸ ಗಾಡಿ, ಹೊಸ ಭಯ. ಒಂದು ಹೋಟೆಲ್ ಹಿಂದೆ ಚಾರ್ಜರ್ ಕಂಡಿತು. ಹೆಸರು ಬೇಡ. ದೊಡ್ಡ ಹಸಿರು ಬೋರ್ಡು, ಅದರ ಮೇಲೆ ಅಷ್ಟೇ ದೊಡ್ಡದಾಗಿ 60 ಕಿಲೋವ್ಯಾಟ್. ಒಂದೇ ಯಂತ್ರ, ಎರಡು ಗನ್, ಅಂದರೆ ಗಾಡಿಗೆ ಸಿಕ್ಕಿಸುವ ಕೇಬಲ್. ಒಂದು ಗನ್ ಆಗಲೇ ಒಂದು ಬಿಳಿ ಕಾರಿಗೆ ಸಿಕ್ಕಿಸಿತ್ತು.

ನಾನು ಇನ್ನೊಂದನ್ನು ಸಿಕ್ಕಿಸಿದೆ. ಆ್ಯಪ್ ತೆರೆದೆ, ದುಡ್ಡು ಹಾಕಿದೆ, ಒಟಿಪಿ ಬರಲಿಲ್ಲ, ಹೋಟೆಲಿನ ಮುಂಭಾಗಕ್ಕೆ ಓಡಿದೆ, ಅಲ್ಲಿ ಒಟಿಪಿ ಬಂತು, ಮತ್ತೆ ಹಿಂದಕ್ಕೆ ಓಡಿದೆ. ಕೊನೆಗೆ ಶುರುವಾಯಿತು. ಸ್ಕ್ರೀನಿನಲ್ಲಿ 29. ಎರಡು ನಿಮಿಷ ಕಾದೆ, ಏರುತ್ತೇನೋ ಅಂತ. 29. ಅಷ್ಟರಲ್ಲಿ ಅಮ್ಮ ಇಳಿದು ಬಂದಳು. ಬೋರ್ಡ್ ಓದಿದಳು, ಸ್ಕ್ರೀನ್ ಓದಿದಳು. ಆಮೇಲೆ ಕೇಳಿದಳು:

‘ಅಲ್ಲಪಾ, ಮ್ಯಾಲೆ ಅರವತ್ತ ಅಂತ ಬರದಾರ, ಇಲ್ಲೆ ಇಪ್ಪತ್ತೊಂಬತ್ತ ತೋರ್ಸಾಕತ್ತೈತಿ. ಉಳದಿದ್ದ ಯಾರ ತಿಂದ್ರು?’

28 ವರ್ಷ ಮೇಂಟೆನೆನ್ಸ್ ಮಾಡಿದ್ದೇನೆ, ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ಮ್ಯಾನೇಜರ್ ಒಮ್ಮೆಯೂ ಕೇಳಿರಲಿಲ್ಲ. ಇವತ್ತಿನ ನನ್ನ ಉಪನ್ಯಾಸ ಇಷ್ಟೇ. ಉಳಿದದ್ದು ಯಾರು ತಿಂದರು?

ಮೊದಲು ತಿಂದವನು ಪಕ್ಕದವನು. ಬೋರ್ಡಿನ 60 ಇಡೀ ಯಂತ್ರದ ಲೆಕ್ಕ, ಒಂದು ಗನ್ನಿನದಲ್ಲ. ಎರಡು ಗಾಡಿ ನಿಂತರೆ 30, 30. ಕೆಲವು ಯಂತ್ರ ಜಾಣತನದಿಂದ ಹಂಚುತ್ತವೆ, ಒಬ್ಬನಿಗೆ ಬೇಡದ್ದನ್ನು ಇನ್ನೊಬ್ಬನಿಗೆ ಕೊಡುತ್ತವೆ. ಇದು ಆ ಜಾತಿಯದಲ್ಲ. ಬಿಳಿ ಕಾರಿನ ಕಡೆಯ ಸ್ಕ್ರೀನ್ ನೋಡಿದೆ. 91 ಪರ್ಸೆಂಟ್ ಆಗಿದೆ, ಎಳೆಯುತ್ತಿರುವುದು 8 ಕಿಲೋವ್ಯಾಟ್. ಅಂದರೆ ಅವನ ಪಾಲಿನ 22 ಯಾರಿಗೂ ಇಲ್ಲದೆ ಸುಮ್ನೆ ಕೂತಿದೆ!

ಆ ಕಾರಿನ ಮಾಲೀಕರು ಹೋಟೆಲಿನ ಒಳಗೆ ಊಟ ಮಾಡುತ್ತಿದ್ದರು. ಹುಡುಕಿಕೊಂಡು ಹೋದೆ. ‘ಕಾಕಾ, ಗಾಡಿ ಝಾಲಿ ನಾ?’ ಅಂದೆ, ಗಾಡಿದು ಆಯ್ತಲ್ವಾ ಅಂತ. ‘ಅಜೂನ್ ಶಂಭರ್ ನಾಹಿ ಝಾಲೆ’, ಇನ್ನೂ ನೂರು ಆಗಿಲ್ಲ ಅಂದರು, ಭಾಕರಿ ಮುರಿಯುತ್ತಾ. ಎಲ್ಲಿಗೆ ಹೊರಟಿದ್ದೀರಿ ಅಂದರೆ ಸಾಂಗ್ಲಿಗೆ. ಕರಾಡದಿಂದ ಸಾಂಗ್ಲಿಗೆ 80 ಕಿಲೋಮೀಟರ್ ಕೂಡ ಇಲ್ಲ! ನಾನು ಅವರಿಗೆ ಚಾರ್ಜಿಂಗ್ ಕರ್ವ್, ಅಂದರೆ ಬ್ಯಾಟರಿ ತುಂಬಿದ ಹಾಗೆ ವೇಗ ಇಳಿಯುವ ಲೆಕ್ಕ, ವಿವರಿಸೋಕೆ ಶುರು ಮಾಡಿದೆ. ಅವರು ಎರಡನೇ ಭಾಕರಿ ತರಿಸಿಕೊಂಡರು. ಆಗ ಅಮ್ಮ ಬಂದು, ಡಬ್ಬಿ ತೆರೆದು, ಒಂದು ಹೋಳಿಗೆ ಅವರ ತಟ್ಟೆಗೆ ಹಾಕಿದಳು. ತನ್ನ ಧಾರವಾಡದ ಮರಾಠಿಯಲ್ಲಿ ಏನೋ ಹೇಳಿದಳು. ಏನು ಹೇಳಿದೆ ಅಂತ ಇವತ್ತಿನವರೆಗೂ ನನಗೆ ಹೇಳಿಲ್ಲ. ಕಾಕಾ ಕೈ ತೊಳೆದುಕೊಂಡು ಬಂದು ಗನ್ ಕಿತ್ತರು.

ಈಗ 60 ಬರಬೇಕಲ್ವಾ? ಇಲ್ಲ. 29ಕ್ಕೇ ನಿಂತಿತ್ತು. ಶುರುವಾದಾಗ ಹಂಚಿದ ಪಾಲು ಆ ಯಂತ್ರದಲ್ಲಿ ಹಾಗೇ ಉಳಿಯುತ್ತೆ. ನಿಲ್ಲಿಸಿ, ಗನ್ ತೆಗೆದು, ಮತ್ತೆ ಸಿಕ್ಕಿಸಿ, ಮತ್ತೆ ಒಟಿಪಿಗೆ ಓಡಿದೆ. ಈ ಸಲ 44 ಬಂತು. ಅಮ್ಮ ನನ್ನ ಮುಖ ನೋಡಿದಳು. ಇನ್ನೂ 16 ಕಾಣೆ.

ಇದಕ್ಕೆ ಉತ್ತರ ಸ್ಕ್ರೀನಿನಲ್ಲೇ ಸಣ್ಣ ಅಕ್ಷರದಲ್ಲಿ ಇತ್ತು. 352 ವೋಲ್ಟ್, 125 ಆಂಪ್. ಗುಣಿಸಿ ನೋಡಿ, ಸರಿಯಾಗಿ 44. ಆ ಗನ್ನಿನ ಕೇಬಲ್ ಕೊಡುವುದೇ ಅಷ್ಟು ಆಂಪು. ಬೋರ್ಡಿನ 60 ಸುಳ್ಳಲ್ಲ, ಆದರೆ ವೋಲ್ಟ್ ಜಾಸ್ತಿ ಇರುವ ಬ್ಯಾಟರಿ ಬಂದರೆ ಮಾತ್ರ ಅದು ನಿಜ. ನಮ್ಮಲ್ಲಿ ಬಹಳಷ್ಟು ಕಾರುಗಳು 400 ವೋಲ್ಟ್ ಆಸುಪಾಸಿನವು. ಹ್ಯುಂಡೈ ಅಯಾನಿಕ್ 5 ತರಹದ 800 ವೋಲ್ಟಿನ ಗಾಡಿಗಳ ಕಥೆ ಬೇರೆ. ಈ ಹಾಲ್‌ನಲ್ಲಿ ಯಾರ ಹತ್ತಿರವಾದರೂ ಅದು ಇದ್ದರೆ ಆಮೇಲೆ ಸಿಗಿ, ಒಂದು ಸುತ್ತು ಹೋಗಿ ಬರೋಣ.

ಅಂತೂ ಇನ್ನೊಬ್ಬ ಕಳ್ಳ ಸಿಕ್ಕ. ಆದರೆ ಎಲ್ಲರಿಗಿಂತ ದೊಡ್ಡ ಕಳ್ಳ ನಮ್ಮ ಗಾಡಿಯೇ. ಇದನ್ನು ಜನ ಒಪ್ಪುವುದೇ ಇಲ್ಲ. ಗನ್ ಸಿಕ್ಕಿಸಿದ ಕೂಡಲೇ ಗಾಡಿಯೂ ಯಂತ್ರವೂ ಮಾತಾಡಿಕೊಳ್ಳುತ್ತವೆ. ಇಷ್ಟು ವೋಲ್ಟು ಕೊಡು, ಇಷ್ಟು ಆಂಪು ಕೊಡು ಅಂತ ಹೇಳುವುದು ಗಾಡಿ. ಯಂತ್ರ ತನ್ನ ಮಿತಿಯೊಳಗೆ ಅದನ್ನು ಕೊಡುತ್ತೆ, ಅಷ್ಟೇ. 50 ಕಿಲೋವ್ಯಾಟ್ ಮಾತ್ರ ಎಳೆಯುವ ಗಾಡಿಯನ್ನು 240ರ ಚಾರ್ಜರ್‌ಗೆ ಒಯ್ದರೂ 50ರ ಮೇಲೆ ಹೋಗಲ್ಲ. ನನ್ನ ಸ್ನೇಹಿತರೊಬ್ಬರು ಎಕ್ಸ್‌ಪ್ರೆಸ್‌ವೇಯಲ್ಲಿ ದೊಡ್ಡ ಯಂತ್ರದ ಮುಂದೆ ಗಾಡಿ ನಿಲ್ಲಿಸಿ ಫೋಟೊ ಕಳಿಸಿದ್ದರು. ಹಿಂದೆ 30ರ ಯಂತ್ರ ಖಾಲಿ ನಿಂತಿತ್ತು. ಅವರ ಗಾಡಿ ಎಳೆಯುವುದೇ 28! ಸೆಲ್ಫಿ ಚೆನ್ನಾಗಿ ಬಂದಿತ್ತು.

ಗಾಡಿ ಕೇಳುವುದೂ ಒಂದೇ ಸಮನೆ ಅಲ್ಲ. ಬ್ಯಾಟರಿ ಖಾಲಿ ಇದ್ದಾಗ ಗಬಗಬ ಎಳೆಯುತ್ತೆ, ತುಂಬುತ್ತಾ ಬಂದ ಹಾಗೆ ನಿಧಾನ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಬಾಗಿಲು ತೆರೆದ ಕೂಡಲೇ ಮುಕ್ಕಾಲು ಪಂಕ್ತಿ ಎರಡು ನಿಮಿಷದಲ್ಲಿ ತುಂಬುತ್ತೆ. ಕೊನೆಯ ಐದಾರು ಎಲೆಗೆ ಜನ ಕೂರಿಸುವಷ್ಟರಲ್ಲಿ ಬಡಿಸುವವರಿಗೆ ಸಾಕಾಗಿ ಹೋಗುತ್ತೆ. ‘ಇಲ್ಲಿ ಖಾಲಿನಾ?’ ‘ಇಲ್ಲ, ನಮ್ಮ ಕಾಕಾ ಬರ್ತಾರೆ.’ ಲಿಥಿಯಂ ಅಯಾನುಗಳದೂ ಇದೇ ಪಾಡು. ಆಗ ಬಲವಂತವಾಗಿ ನುಗ್ಗಿಸಿದರೆ ಅವು ಒಳಗೆ ಹೋಗದೆ ಹೊರಗೇ ಲೋಹವಾಗಿ ಕೂತುಬಿಡುತ್ತವೆ, ಬ್ಯಾಟರಿ ಹಾಳಾಗುತ್ತೆ. ಅದಕ್ಕೇ ಗಾಡಿ ತಾನಾಗಿ ತಗ್ಗಿಸುತ್ತೆ.

ನನ್ನ ಗಾಡಿಯ ಲೆಕ್ಕ ಕೇಳಿ. 10ರಿಂದ 80 ಪರ್ಸೆಂಟ್, ಅಂದರೆ ಮೂವತ್ತೊಂದೂವರೆ ಯುನಿಟ್, ಒಳ್ಳೆಯ ಯಂತ್ರ ಸಿಕ್ಕರೆ 40 ನಿಮಿಷ. ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು ನನಗೆ ಯುನಿಟ್‌ಗೆ 6 ಕಿಲೋಮೀಟರ್ ಬರುತ್ತೆ. ಅಲ್ಲಿಗೆ 40 ನಿಮಿಷಕ್ಕೆ 190 ಕಿಲೋಮೀಟರ್ ಸೇರಿತು. ಆಮೇಲೆ 80ರಿಂದ 100ಕ್ಕೆ ಹೋಗೋಕೆ ಮತ್ತೆ 40 ನಿಮಿಷ. ಸೇರುವುದು 9 ಯುನಿಟ್, 54 ಕಿಲೋಮೀಟರ್. ಅದೇ 40 ನಿಮಿಷ! ಸಾಂಗ್ಲಿಯ ಕಾಕಾ ಕೂತಿದ್ದು ಈ ಎರಡನೇ 40 ನಿಮಿಷದಲ್ಲಿ.

ಜಾಹೀರಾತುಗಳನ್ನು ಈಗ ಇನ್ನೊಮ್ಮೆ ಓದಿ. ಅಯಾನಿಕ್ 5 ಬಗ್ಗೆ ಕಂಪನಿ ಹೇಳುವುದು, 350 ಕಿಲೋವ್ಯಾಟ್ ಯಂತ್ರದಲ್ಲಿ 10ರಿಂದ 80ಕ್ಕೆ 18 ನಿಮಿಷ. ಮಹೀಂದ್ರದ 79 ಯುನಿಟ್‌ನ ಗಾಡಿಗಳಿಗೆ 20ರಿಂದ 80ಕ್ಕೆ 20 ನಿಮಿಷ. 100ರವರೆಗೆ ಎಷ್ಟು ಅಂತ ಯಾರೂ ದಪ್ಪ ಅಕ್ಷರದಲ್ಲಿ ಹೇಳಲ್ಲ. ಮಹೀಂದ್ರದವರು ಗರಿಷ್ಠ 175 ಕಿಲೋವ್ಯಾಟ್ ಅನ್ನುತ್ತಾರೆ. 79ರಲ್ಲಿ 60 ಪರ್ಸೆಂಟ್ ಅಂದರೆ 47 ಯುನಿಟ್, 20 ನಿಮಿಷಕ್ಕೆ. ಸರಾಸರಿ ತೆಗೆದರೆ 142. ಅದೂ ಒಳ್ಳೆಯದೇ, ನಾನು ಕುಹಕ ಮಾಡುತ್ತಿಲ್ಲ. ಆದರೆ ಅವರದೇ ಲೆಕ್ಕದಲ್ಲಿ, ಅವರೇ ಆರಿಸಿದ ಯಂತ್ರದಲ್ಲಿ, 175 ಆಗಲೇ 142 ಆಗಿದೆ. ಅಮ್ಮನ ಪ್ರಶ್ನೆ ಅಲ್ಲಿಗೂ ಹೋಗುತ್ತೆ.

ಒಮ್ಮೆ ತುಂಬಿಸಿದರೆ ಎಷ್ಟು ದೂರ ಅನ್ನುವ ರೇಂಜಿನದೂ ಇದೇ ಹಾಡು. ಕೊಥ್ರೂಡ್ ಕಡೆಯವರು ಬೆಳಿಗ್ಗೆ ವಾಕಿಂಗ್ ಹೋಗುವ ಟೇಕಡಿಯ, ಅಂದರೆ ಗುಡ್ಡದ ಮೇಲೇ ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಇದೆ. ಶುರುವಾಗಿದ್ದು 1966ರಲ್ಲಿ. ಅಲ್ಲಿ ಗಾಡಿಯನ್ನು ರೋಲರ್ ಮೇಲೆ ಓಡಿಸಿ ಅಳೆಯುತ್ತಾರೆ. ರೋಲರ್ ಮೇಲೆ ಖಂಬಾಟ್ಕಿ ಘಾಟ್ ಇಲ್ಲ, ಡಿಕ್ಕಿಯಲ್ಲಿ ನಾಲ್ಕು ಬ್ಯಾಗ್ ಇಲ್ಲ, ಹಿಂದಿನ ಸೀಟಿನಿಂದ ‘ಎಸಿ ಜಾಸ್ತಿ ಮಾಡಪಾ’ ಅನ್ನುವವರೂ ಇಲ್ಲ. ಗಾಡಿ ಗಾಡಿ ಹೋಲಿಸೋಕೆ ಅದು ಸರಿ. ಊರಿಗೆ ಹೋಗೋಕೆ ನಿಮ್ಮದೇ ಲೆಕ್ಕ ಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 5 ನಿಮಿಷ. ಅಯ್ಯೋ, ನನ್ನ ಹಾಳೆಯಲ್ಲಿ ಇನ್ನೂ ಏಳು ಅಂಶ ಇವೆ. ಓಡಿಸುತ್ತೇನೆ, ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಬೇಡಿ.

ಬಿಸಿ. ಸುಡುಬಿಸಿಲಿನಲ್ಲಿ ಜೋರಾಗಿ ಓಡಿಸಿ ಬಂದು ಗನ್ ಸಿಕ್ಕಿಸಿದರೆ ಬ್ಯಾಟರಿ ಬಿಸಿಯಾಗಿರುತ್ತೆ, ಗಾಡಿ ಕಡಿಮೆ ಕೇಳುತ್ತೆ. ಯಂತ್ರವೂ ತಗಡಿನ ಕೆಳಗೆ ಕಾದು ತಾನೂ ಕಡಿಮೆ ಕೊಡುತ್ತೆ. ಡಿಸೆಂಬರಿನ ಪುಣೆಯ ಬೆಳಗಿನ ಚಳಿಯಲ್ಲಿ ಹೊರಟ ಕೂಡಲೇ ಚಾರ್ಜ್ ಮಾಡಿದರೆ ಆಗಲೂ ನಿಧಾನ. ಬ್ಯಾಟರಿಗೆ ನಮ್ಮ ಹಾಗೇ ಹದವಾದ ಹವಾ ಬೇಕು.

ಎಸಿ ಪಾಯಿಂಟ್. ತಂಪು ಮಾಡುವ ಎಸಿ ಅಲ್ಲ, ಮನೆಗೆ ಬರುವ ತರಹದ ಎಸಿ ಕರೆಂಟಿನ ನಿಧಾನದ ಚಾರ್ಜಿಂಗ್. ಹೋಟೆಲಿನಲ್ಲಿ 22 ಅಂತ ಬರೆದಿದ್ದರೂ ನಿಮ್ಮ ಗಾಡಿಯೊಳಗಿನ ಚಾರ್ಜರ್ 7ರದಾದರೆ ಬರುವುದು 7. ರಾತ್ರಿ ಮಲಗುವವರಿಗೆ ಸರಿ, ಚಹಾ ಕುಡಿಯುವವರಿಗೆ ಅಲ್ಲ.

ದುಡ್ಡು. ಚಾರ್ಜಿಂಗ್ ಬಿಲ್ಲಿನ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಈ ವಿಷಯಕ್ಕೆ ಬೇರೆ ಸಭೆ ಕರೆಯಿರಿ.

ಸರ್ಕಾರ. ಇದನ್ನು ಮಾತ್ರ ಬಿಡಲ್ಲ. ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಸ್ಟೇಷನ್ ಅಂತ 2022ರ ಜನವರಿಯಲ್ಲೇ ಕೇಂದ್ರ ವಿದ್ಯುತ್ ಸಚಿವಾಲಯ ಮಾರ್ಗಸೂಚಿಯಲ್ಲಿ ಹೇಳಿತು. ಒಳ್ಳೆಯದು. ಆದರೆ ಸ್ಟೇಷನ್ ಎಣಿಸಿದರೆ ಆಯಿತೇ? ಒಂದು ಗನ್ನಿಗೆ ಎಷ್ಟು ಆಂಪು, ಇಬ್ಬರು ನಿಂತರೆ ತಲಾ ಎಷ್ಟು, ಇದನ್ನು ಬೋರ್ಡಿನ ಮೇಲೆಯೇ ಬರೆಯಿರಿ ಅಂತ ನನ್ನ ಬೇಡಿಕೆ. ಎರಡು ಸಾಲು ಪೇಂಟ್ ಸಾಕು. ಒಟಿಪಿಗೆ ಎಲ್ಲಿ ನಿಂತರೆ ನೆಟ್‌ವರ್ಕ್ ಸಿಗುತ್ತೆ ಅಂತಲೂ ಬರೆದರೆ ಪುಣ್ಯ ಬರುತ್ತೆ.

ಉಳಿದ ಮೂರು ಅಂಶ ಬಿಟ್ಟೆ. ಹುಬ್ಬಳ್ಳಿಗೆ 430 ಚಿಲ್ಲರೆ ಕಿಲೋಮೀಟರ್. ಈ ಸಲ ನಾನು ಕರಾಡದಲ್ಲಿ ನಿಲ್ಲಲ್ಲ. ಬ್ಯಾಟರಿ ಇಳಿಸಿಕೊಂಡೇ ಕೊಲ್ಲಾಪುರಕ್ಕೆ ಹೋಗಿ, ಊಟದ ಹೊತ್ತಿಗೆ 80 ಮಾಡಿಕೊಂಡು, ತವಂದಿ ಘಾಟ್ ದಾಟಿ, ಬೆಳಗಾವಿಯಲ್ಲಿ ಬರೀ ಕಾಲು ಗಂಟೆ. ಅಷ್ಟೇ. ಕೊಲ್ಲಾಪುರದ ಯಂತ್ರ ಕೈಕೊಟ್ಟರೆ ಅಂತ ಹತ್ತಿರದ ಇನ್ನೆರಡನ್ನು ಗುರುತು ಹಾಕಿಟ್ಟಿದ್ದೇನೆ. 15 ಪರ್ಸೆಂಟ್‌ಗಿಂತ ಕೆಳಗೆ ಒಂದೇ ಯಂತ್ರವನ್ನು ನಂಬಿಕೊಂಡು ಹೋಗಬೇಡಿ.

ಪ್ರಶ್ನೆಗಳಿಗೆ ಸಮಯ ಇಲ್ಲವಂತೆ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಗಾಡಿಯನ್ನು ಬೇಕಂತಲೇ 18 ಪರ್ಸೆಂಟಿಗೆ ಇಳಿಸಿಕೊಂಡು ಬಂದಿದ್ದೇನೆ. ಮುಂದಿನ ಸಿಗ್ನಲ್ ಹತ್ತಿರದ ಪಂಪ್‌ನಲ್ಲಿ ಎರಡು ಗನ್ನಿನ ಚಾರ್ಜರ್ ಇದೆ. ಉಪ್ಪಿಟ್ಟು, ಕಾಫಿ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದೇನೆ. ಕಣ್ಣಾರೆ ನೋಡಬೇಕು ಅನ್ನುವವರು ಬನ್ನಿ, ನಾಲ್ಕು ಜನಕ್ಕೆ ಜಾಗ ಇದೆ.

ಮೂರು. ಅಮ್ಮನೂ ಬರ್ತಾಳಂತೆ.