ಸೆಕೆಗಾಲ, ಮುಖ ಮತ್ತು ಅಂಗಳದ ಹಪ್ಪಳ

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆ ಮುಗಿಸಿ ಫ್ಯಾನಿನ ಕೆಳಗೆ ಕೂತವರಿಗೂ ನಮಸ್ಕಾರ, ಇನ್ನೂ ಒಲೆ ಮುಂದೆ ನಿಂತು ಸೆರಗಿನಲ್ಲಿ ಹಣೆ ಒರೆಸಿಕೊಳ್ಳುತ್ತಾ ಕೇಳುತ್ತಿರುವವರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಹೊಸವರ್ಷ ಬಿಸು ಕಳೆದು ವಾರ ಆಯಿತು. ಕೋಲ, ಜಾತ್ರೆಗಳಿಗೆಲ್ಲ ತೆರೆ ಬೀಳುವ ಪತ್ತನಾಜೆಗೆ ಇನ್ನೂ ಒಂದು ತಿಂಗಳು ಇದೆ. ಅಂದರೆ ಮದುವೆ, ಉಪನಯನ, ದೇವಸ್ಥಾನದ ಬ್ರಹ್ಮಕಲಶ, ಭೂತಕೋಲ ಎಲ್ಲ ಈ ತಿಂಗಳಲ್ಲೇ. ಹಲಸಿನ ಹಪ್ಪಳವೂ ಈಗಲೇ, ಗೇರುಬೀಜ ಹೆಕ್ಕುವುದೂ ಈಗಲೇ. ಕೆಲಸವೆಲ್ಲ ಬಿಸಿಲಲ್ಲಿ ಆಗಬೇಕು, ಮದುವೆ ಮನೆಯಲ್ಲಿ ಚಂದವೂ ಕಾಣಬೇಕು. ಹಾಗಾಗಿ ಹೋದಲ್ಲೆಲ್ಲ ಒಂದೇ ಪ್ರಶ್ನೆ, ಅಕ್ಕಾ ಮುಖಕ್ಕೆ ಏನು ಹಚ್ಚುವುದು ಅಂತ. ಈಗ ಹಚ್ಚುತ್ತಿರುವುದರಲ್ಲಿ ಮೊದಲು ಅರ್ಧ ನಿಲ್ಲಿಸಿ ಅನ್ನುತ್ತೇನೆ ನಾನು.

ಯಾಕೆ ಅಂದರೆ ಹಚ್ಚಿ ಕೆಟ್ಟವಳು ನಾನೇ. ಆಗ ನನಗೆ ಇಪ್ಪತ್ತೆರಡು. ಚಿಕ್ಕಮ್ಮನ ಮಗಳ ಮದುವೆಗೆ ನಾಲ್ಕು ದಿನ ಇತ್ತು. ಕೈ ಕಪ್ಪಾಗಿದೆ ಅಂತ ಯಾರೋ ಹೇಳಿದ್ದೇ ಸಾಕಾಯಿತು, ಲಿಂಬೆಹುಳಿ ತುಂಡು ಮಾಡಿ ಸಕ್ಕರೆಯಲ್ಲಿ ಅದ್ದಿ ಮೊಣಕೈವರೆಗೆ ಚೆನ್ನಾಗಿ ತಿಕ್ಕಿದೆ, ತೊಳೆಯದೆ ಹಾಗೇ ಅಂಗಳಕ್ಕೆ ಹೋದೆ. ಒಳಗೆ ಅಮ್ಮ ಬೇಯಿಸಿದ ಹಲಸಿನ ಸೊಳೆ ಕಡೆದು ಉಂಡೆ ಮಾಡಿ ಕೊಡುತ್ತಿದ್ದರು, ಅತ್ತಿಗೆ ಒತ್ತುತ್ತಿದ್ದರು, ನಾನು ಒಂದೊಂದೇ ಹಪ್ಪಳವನ್ನು ಓಲೆ ಚಾಪೆ ಮೇಲೆ ಹಾಕುತ್ತಿದ್ದೆ. ಹನ್ನೊಂದಕ್ಕೆ ಕೂತದ್ದು, ಎದ್ದಾಗ ಒಂದೂವರೆ. ರಾತ್ರಿ ಕೈ ಉರಿಯಿತು. ಮರುದಿನ ಕೆಂಪಾಯಿತು. ಮೂರನೇ ದಿನ ಗುಳ್ಳೆ. ಗುಳ್ಳೆ ಒಣಗಿದ ಮೇಲೆ ರಸ ಇಳಿದ ದಾರಿ ಮಾತ್ರ ಉಳಿಯಿತು, ಮಣಿಕಟ್ಟಿನಿಂದ ಮೊಣಕೈವರೆಗೆ ಕಂದು ಗೆರೆಗಳು, ಕಾಫಿ ಚೆಲ್ಲಿದ ಹಾಗೆ. ಮದುವೆ ಆಲ್ಬಮ್ಮಿನ ಎಲ್ಲ ಫೋಟೋಗಳಲ್ಲೂ ನನ್ನ ಬಲಗೈ ಸೆರಗಿನೊಳಗೇ ಇದೆ. ಮಳೆಗಾಲದ ಆಟಿ ತಿಂಗಳು ಬಂದರೂ ಆ ಗೆರೆ ಪೂರ್ತಿ ಹೋಗಿರಲಿಲ್ಲ.

ಆಗಿದ್ದು ಇಷ್ಟೇ. ಲಿಂಬೆಯಲ್ಲಿ, ಅದರ ಸಿಪ್ಪೆಯಲ್ಲಂತೂ ಇನ್ನೂ ಜಾಸ್ತಿ, ಸೋರಲೆನ್ ಜಾತಿಯ ವಸ್ತು ಇರುತ್ತದೆ. ಅದು ಮೈಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಇವತ್ತಿಗೂ ಮೊಬೈಲಿನಲ್ಲಿ ದಿನಕ್ಕೊಬ್ಬರು ಲಿಂಬೆ ಹಚ್ಚಿ ಅನ್ನುತ್ತಾರೆ. ಹಚ್ಚಬೇಡಿ. ಶರಬತ್ತು ಮಾಡಿ ಕುಡಿಯಿರಿ, ಹಿಂಡಿದ ಕೈಯನ್ನು ಸೋಪು ಹಾಕಿ ತೊಳೆದು ಆಮೇಲೆ ಅಂಗಳಕ್ಕೆ ಇಳಿಯಿರಿ. ಅಡಿಗೆ ಸೋಡಾ, ಟೂತ್‌ಪೇಸ್ಟು ಇವೂ ಮುಖಕ್ಕೆ ಬೇಡ.

ಇನ್ನು ಬಿಸಿಲು. ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ, ಅಂಗಳದಲ್ಲಿ ಒಂದು ಒನಕೆ ನೆಟ್ಟಗೆ ನಿಲ್ಲಿಸಿ ನೋಡಿ. ನೆರಳೇ ಕಾಣುವುದಿಲ್ಲ. ಸೂರ್ಯ ನಮ್ಮ ಕಾಸರಗೋಡಿನ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುವ ದಿನಗಳು ಇವು. ಹಾಗೆ ನೇರ ಬಿದ್ದ ಕಿರಣಕ್ಕೆ ಗಾಳಿಯ ಪದರ ದಾಟುವ ದಾರಿ ಕಡಿಮೆ, ಬಲ ಜಾಸ್ತಿ. ಬೇಸಿಗೆ ಬಂತೆಂದರೆ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಹನ್ನೊಂದರಿಂದ ಮೂರು ಗಂಟೆವರೆಗೆ ಬಿಸಿಲಿಗೆ ಹೋಗಬೇಡಿ ಅನ್ನುವುದು ಸುಮ್ನೆ ಅಲ್ಲ. ಹಪ್ಪಳವನ್ನು ಬೆಳಿಗ್ಗೆ ಒಂಬತ್ತರ ಒಳಗೆ ಹಾಕಿ, ಮಗುಚುವುದನ್ನು ಮೂರೂವರೆ ಮೇಲೆ ಇಟ್ಟುಕೊಳ್ಳಿ. ನಡುವೆ ಹೋಗಲೇಬೇಕು ಅಂದರೆ ಮನೆಯವರ ಹಳೆಯ ತುಂಬುತೋಳಿನ ಶರ್ಟು ಒಂದು ಹಾಕಿಕೊಳ್ಳಿ, ತಲೆಗೆ ಹಾಳೆಯ ಮುಟ್ಟಾಳೆಯೋ ಬೈರಾಸು ಟವೆಲೋ ಇರಲಿ. ತೋಟದ ಕೆಲಸಕ್ಕೆ ಬರುವ ಹೆಂಗಸರು ಮಾಡುವುದು ಇದನ್ನೇ. ಐನೂರು ರೂಪಾಯಿಯ ಕ್ರೀಮಿಗಿಂತ ಆ ಶರ್ಟಿನ ಮೇಲೆ ನನಗೆ ಜಾಸ್ತಿ ನಂಬಿಕೆ.

ಸನ್‌ಸ್ಕ್ರೀನ್ ಬೇಡ ಅನ್ನುತ್ತಿಲ್ಲ. ಮುಖಕ್ಕೆ, ಕುತ್ತಿಗೆಗೆ ಬೇಕೇ ಬೇಕು. ಆದರೆ ಕಡಲೆ ಗಾತ್ರ ತೆಗೆದು ಇಡೀ ಮುಖಕ್ಕೆ ಸವರಿದರೆ ಏನೂ ಪ್ರಯೋಜನ ಇಲ್ಲ. ತೋರುಬೆರಳು, ನಡುಬೆರಳು, ಈ ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಬೇಕು, ಹೊರಡುವ ಕಾಲು ಗಂಟೆ ಮೊದಲು. ಬೆವರು ಹರಿದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಸ್‌ಪಿಎಫ್, ಅಂದರೆ ಡಬ್ಬಿ ಮೇಲೆ ಬರೆದಿರುವ ಬಿಸಿಲು ತಡೆಯುವ ಅಳತೆ, 30 ಇದ್ದರೆ ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 97 ಪಾಲು ತಡೆಯುತ್ತದೆ, 50 ಇದ್ದರೆ 98 ಪಾಲು. ಆ ಒಂದು ಪಾಲಿಗೆ ದುಪ್ಪಟ್ಟು ದುಡ್ಡು ಕೊಡಬೇಕಾ, ನೀವೇ ಹೇಳಿ.

ಈಗ ಒಂದು ಮಾತು ಹೇಳುತ್ತೇನೆ, ಅಜ್ಜಿಯಂದಿರು ಸಿಟ್ಟಾಗಬಾರದು. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ನಮ್ಮದು, ಇಲ್ಲಿ ಕೂತು ತೆಂಗಿನೆಣ್ಣೆಯ ವಿರುದ್ಧ ಮಾತಾಡಲು ಧೈರ್ಯ ಬೇಕು. ತಲೆಗೆ ಅದರಷ್ಟು ಒಳ್ಳೆಯದು ಇಲ್ಲ, ಅದು ಕೂದಲಿನ ಒಳಗೇ ಇಳಿಯುತ್ತದೆ. ಒಡೆದ ಹಿಮ್ಮಡಿಗೂ ರಾತ್ರಿ ಹಚ್ಚಿ. ಆದರೆ ಈ ಸೆಕೆಯಲ್ಲಿ ಮುಖಕ್ಕೆ ಬೇಡ, ಎಣ್ಣೆಯ ಚರ್ಮದವರಿಗೆ ರಂಧ್ರ ಮುಚ್ಚಿ ಮೊಡವೆ ಏಳುತ್ತದೆ. ತಲೆಗೆ ಹಾಕಿದ ಎಣ್ಣೆ ಹಣೆಗೆ ಇಳಿದರೂ ಹಾಗೇ. ವಾರಕ್ಕೊಮ್ಮೆ ಎಣ್ಣೆ ಹಾಕಿ ಒಂದು ಗಂಟೆ ಬಿಟ್ಟು ದಾಸವಾಳ ಸೊಪ್ಪು ನೀರಲ್ಲಿ ಕಿವುಚಿದ ಗೊಂಪಿನಲ್ಲಿ ತಲೆ ತೊಳೆದರೆ ಸಾಕು. ಗೊಂಪನ್ನು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಮರುದಿನ ಬಸ್ಸಿನಲ್ಲಿ ಪಕ್ಕದವರು ನಿಮ್ಮ ತಲೆಯಿಂದ ಸೊಪ್ಪಿನ ಚೂರು ಹೆಕ್ಕಿ ಕೊಡುತ್ತಾರೆ!

ಘಟ್ಟದ ಮೇಲಿನ ಬಿಸಿಲು ಬೇರೆ, ನಮ್ಮ ಸೆಕೆ ಬೇರೆ. ಅಲ್ಲಿ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಇಲ್ಲಿ ಕಡಲ ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದೆಲ್ಲಿ? ಮೈಮೇಲೇ ನಿಲ್ಲುತ್ತದೆ. ಬೆವರಿನ ಬಾಯಿ ಕಟ್ಟಿದಲ್ಲಿ ಸೆಕೆಬೊಕ್ಕೆ, ಅಂದರೆ ಬೆವರುಸಾಲೆ, ಏಳುತ್ತದೆ. ಕುತ್ತಿಗೆ, ಬೆನ್ನು, ರವಿಕೆ ಬಿಗಿಯುವ ಜಾಗ. ಅದರ ಮೇಲೆ ಪೌಡರನ್ನು ಸುಣ್ಣ ಬಳಿದ ಹಾಗೆ ಸುರಿದರೆ ಬೆವರಿಗೆ ಕಲಸಿ ಬಾಯಿ ಇನ್ನೂ ಕಟ್ಟುತ್ತದೆ. ತೆಳು ಹತ್ತಿ ಬಟ್ಟೆ, ತಣ್ಣೀರು, ತುರಿಕೆ ಜಾಸ್ತಿಯಾದರೆ ಕ್ಯಾಲಮೈನ್ ಲೋಶನ್, ಇಷ್ಟೇ ಸಾಕು. ಬಾವಿಯ ತಳ ಕಾಣುತ್ತಿರುವ ಈ ಹೊತ್ತಲ್ಲಿ ಮೂರು ಸಲ ಸ್ನಾನ ಮಾಡಿ ಅಂದರೆ ನನಗೇ ಬೈಯುತ್ತೀರಿ, ಗೊತ್ತು. ಒಂದು ಚೆಂಬು ನೀರಲ್ಲಿ ಬೈರಾಸು ಅದ್ದಿ ಹಿಂಡಿ ಮೈ ಒರೆಸಿಕೊಂಡರೂ ಆಯಿತು.

ಒಳಲಂಗದ ಲಾಡಿ ಕಟ್ಟುವ ಜಾಗ ನೋಡಿಕೊಳ್ಳಿ. ಅಲ್ಲಿ ಉಂಗುರದ ಹಾಗೆ ಕೆಂಪಾಗಿ ತುರಿಸಿದರೆ ಅದು ಸೆಕೆಬೊಕ್ಕೆ ಅಲ್ಲ, ಹುಳಕಡ್ಡಿ. ಮೆಡಿಕಲ್ಲಿನಲ್ಲಿ ಕೇಳಿ ತರುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಸೇರಿದ್ದರೆ ಎರಡು ದಿನ ತುರಿಕೆ ಹೋಗುತ್ತದೆ, ಆಮೇಲೆ ಸೊಂಟ ಸುತ್ತಿ ಬರುತ್ತದೆ. ಡಾಕ್ಟರಿಗೆ ತೋರಿಸಿ, ಇದರಲ್ಲಿ ನಾಚಿಕೆ ಎಂಥದ್ದು? ಸ್ಟಿಕ್ಕರ್ ಬೊಟ್ಟಿನ ಜಾಗದಲ್ಲಿ ತುರಿಕೆಯೋ ಬಿಳಿ ಕಲೆಯೋ ಕಂಡರೂ ಹಾಗೇ, ಅದರ ಗೋಂದು ಕೆಲವರಿಗೆ ಆಗುವುದಿಲ್ಲ. ಕುಂಕುಮಕ್ಕೆ ಬದಲಾಯಿಸಿ.

ಗೇರು ಹೆಕ್ಕುವವರಿಗೆ ಒಂದು ಮಾತು. ಹಸಿಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಮಾವಿನ ಸೊನೆಯೂ ಹಾಗೇ, ಎರಡೂ ಒಂದೇ ಕುಟುಂಬದ ಮರಗಳು. ಬೀಜ ಸುಲಿಯುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚುವ ಹಳೆಯ ಕ್ರಮ ಇದೆಯಲ್ಲ, ಅದನ್ನು ಬಿಡಬೇಡಿ. ಮುಗಿದ ಮೇಲೆ ಬರೀ ನೀರು ಸಾಲದು, ಸೋಪು ಹಾಕಿ ತೊಳೆಯಿರಿ. ಅದೇ ಕೈಯಲ್ಲಿ ಬೆವರು ಒರೆಸಿಕೊಂಡು ಕಣ್ಣಿನ ಸುತ್ತ ಕಪ್ಪು ಮಾಡಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ.

ಬಿಳಿ ಮಾಡುವ ಕ್ರೀಮಿನ ಬಗ್ಗೆ ಹೇಳದೆ ಹೋಗಲಾರೆ. 2023ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಕೆಲವರಿಗೆ ಕಾಲು ಬಾತು ಕಿಡ್ನಿ ತೊಂದರೆ ಕಾಣಿಸಿತು. ಡಾಕ್ಟರುಗಳು ಹುಡುಕುತ್ತಾ ಹೋದರೆ ಅವರು ಹಚ್ಚುತ್ತಿದ್ದದ್ದು ಬಿಳಿ ಮಾಡುವ ಕ್ರೀಮು, ಅದರಲ್ಲಿ ಪಾದರಸ. ಹಚ್ಚಿದ್ದು ಮುಖಕ್ಕೆ, ಹೋದದ್ದು ಮೂತ್ರಪಿಂಡಕ್ಕೆ. ತಯಾರಕರ ಹೆಸರು, ಬ್ಯಾಚ್ ನಂಬರು, ಒಳಗೇನಿದೆ ಅನ್ನುವ ಪಟ್ಟಿ, ಇದ್ಯಾವುದೂ ಇಲ್ಲದ ಡಬ್ಬಿಯನ್ನು ಗಲ್ಫಿನಿಂದ ಭಾವನೇ ತಂದುಕೊಟ್ಟರೂ ತೆರೆಯಬೇಡಿ. ವಾರದಲ್ಲಿ ಮುಖ ಬೆಳ್ಳಗಾದರೆ ಖುಷಿ ಅಲ್ಲ, ಹೆದರಿಕೆ ಆಗಬೇಕು. ಕೆನ್ನೆ ಮೇಲೆ ಬಂಗು ಬಂದಿದ್ದರೆ ಅದು ಬಿಸಿಲಿಗೆ ಕಪ್ಪಾದದ್ದು ಮಾತ್ರ ಅಲ್ಲ, ಬಸುರಿಯಾಗಿದ್ದಾಗ, ಕೆಲವು ಮಾತ್ರೆ ತಿಂದಾಗಲೂ ಬರುತ್ತದೆ. ತಿಕ್ಕಿದರೆ ಹೋಗುವುದಿಲ್ಲ, ಜಾಸ್ತಿಯಾಗುತ್ತದೆ.

ಹಾಗಾದರೆ ಹಚ್ಚುವುದಕ್ಕೆ ಏನೂ ಇಲ್ಲವಾ? ಇದೆ. ಸಂಜೆ ಮುಖ ತೊಳೆದು ಮುಳ್ಳುಸೌತೆ ತುರಿದು ಹತ್ತು ನಿಮಿಷ ಇಟ್ಟುಕೊಳ್ಳಿ, ಹಿತವಾಗುತ್ತದೆ. ಹೆಸರಿನ ಹಿಟ್ಟಿಗೆ ಮೊಸರು ಕಲಸಿ ಹಚ್ಚಿ, ಪೂರ್ತಿ ಒಣಗಿ ಬಿರಿಯುವ ಮೊದಲೇ ತೊಳೆಯಿರಿ. ಅಷ್ಟಕ್ಕೆ ಬಣ್ಣ ಬದಲಾಗುವುದಿಲ್ಲ. ಬದಲಾಗುವುದೂ ಬೇಡ, ಅಲ್ವಾ? ಕುಡಿಯಲು ಪುನರ್ಪುಳಿ ಶರಬತ್ತು ಇದೆ, ನೀರುಮಜ್ಜಿಗೆ ಇದೆ, ಬೊಂಡ ಅಂದರೆ ಎಳನೀರು ಇದೆ. ಕಾಯಿ ತೆಗೆಯುವವರು ಸಿಕ್ಕಿದರೆ ಮಾತ್ರ ಬೊಂಡ, ಅದು ಬೇರೆ ಕಥೆ.

ಗಂಟೆ ಹನ್ನೆರಡೂವರೆ ಆಗುತ್ತಾ ಬಂತು. ಹಪ್ಪಳ ಅಂಗಳದಲ್ಲೇ ಇರಲಿ, ನೀವು ಇಳಿಯಬೇಡಿ. ಕಾಗೆ ಬಂದರೆ ಜಗಲಿಯಿಂದಲೇ ಒಂದು ಕೂಗು ಹಾಕಿ. ನಮಸ್ಕಾರ.