ಕಟ್ಟು ಚೆಲ್ಲಬೇಡಿ

ಎಲ್ಲರಿಗೂ ನಮಸ್ಕಾರ.

ಆರೋಗ್ಯಕ್ಕೂ ಒಳ್ಳೆಯದಾಗಿ, ಬಾಯಿಗೂ ರುಚಿಯಾಗಿ ಮನೆಯಲ್ಲಿ ಅಡುಗೆ ಮಾಡೋದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ವಿಷಯ ದೊಡ್ಡದು. ಕಾಳು, ಸೊಪ್ಪು, ಸಿರಿಧಾನ್ಯ, ಎಣ್ಣೆ, ಉಪ್ಪು, ಸಕ್ಕರೆ ಎಲ್ಲವನ್ನೂ ಒಂದೇ ಸಂಜೆ ಮುಟ್ಟಿ ಹೋದರೆ ಯಾವುದೂ ತಲೆಯಲ್ಲಿ ಉಳಿಯೋದಿಲ್ಲ. ಅದಕ್ಕೇ ಇವತ್ತು ಒಂದೇ ಅಡುಗೆ ಹಿಡಿದು ಮಾತಾಡುತ್ತೇನೆ. ಬಸ್ಸಾರು. ಬಸ್ಸಾರು ಅಂದಮೇಲೆ ಮುದ್ದೆ ಬಂದೇ ಬರುತ್ತದೆ.

ಮಂಡ್ಯ, ಮೈಸೂರು, ಹಾಸನ, ತುಮಕೂರು, ರಾಮನಗರದ ಕಡೆಯವರಿಗೆ ಬಸ್ಸಾರು ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯವರೂ ಇಲ್ಲಿದ್ದೀರಿ, ನಿಮಗಾಗಿ ಹೇಳುತ್ತೇನೆ. ಬೇಳೆಯನ್ನೋ ಕಾಳನ್ನೋ ಸೊಪ್ಪಿನ ಜೊತೆ ಬೇಯಿಸುತ್ತೇವೆ. ಬೆಂದ ಮೇಲೆ ನೀರು ಬಸಿದುಕೊಳ್ಳುತ್ತೇವೆ. ಆ ನೀರೇ ಕಟ್ಟು. ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಗುತ್ತದೆ. ಎಸೆಯೋದು ಏನೂ ಇಲ್ಲ.

ಆರೋಗ್ಯದ ಅಡುಗೆ ಅಂದ ತಕ್ಷಣ ಜನ ಮುಖ ಸಿಂಡರಿಸುತ್ತಾರೆ. ಸಪ್ಪೆ ಊಟ, ಆಸ್ಪತ್ರೆ ಊಟ ಅಂತಾರೆ. ಅವರ ದೂರು ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ ಸೊಪ್ಪು ತರಕಾರಿ ಬೇಯಿಸಿ, ಆ ನೀರನ್ನು ಹಾಗೇ ಸಿಂಕಿಗೆ ಸುರಿಯುತ್ತಾರೆ. ವಿಟಮಿನ್ ಸಿ, ಫೋಲೇಟ್, ಬಿ ಗುಂಪಿನ ಬೇರೆ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು. ಬೇಯುವಾಗ ಒಂದಷ್ಟು ಪಾಲು ನೀರಿಗೆ ಇಳಿದಿರುತ್ತದೆ. ಸೊಪ್ಪಿನ ಘಮ, ಬೇಳೆಯ ಸಿಹಿ, ಉಪ್ಪು ಎಲ್ಲವೂ ಅದೇ ನೀರಿಗೆ ಇಳಿದಿರುತ್ತದೆ. ಅದನ್ನು ಚೆಲ್ಲಿದ ಮೇಲೆ ತಟ್ಟೆಯಲ್ಲಿ ಉಳಿಯೋದು ಸಪ್ಪೆ ಸೊಪ್ಪು. ಆಮೇಲೆ ಹೋದ ರುಚಿಯನ್ನು ವಾಪಸ್ ತರೋಕೆ ಎಣ್ಣೆ ಜಾಸ್ತಿ, ಉಪ್ಪು ಜಾಸ್ತಿ, ಮೇಲೊಂದು ಪ್ಯಾಕೆಟ್ ಮಸಾಲೆ. ಸತ್ವ ಹೋಗೋದೂ ರುಚಿ ಹೋಗೋದೂ ಒಂದೇ ದಾರಿಯಲ್ಲಿ. ಇದೊಂದು ಮಾತು ನಿಮಗೆ ದಾಟಿಸಿದರೆ ನಾನು ಬಂದ ಕೆಲಸ ಆಯಿತು.

ಈಗ ಒಲೆಯ ಹತ್ತಿರ ಹೋಗೋಣ.

ಮೊದಲು ಸೊಪ್ಪು. ದಂಟು, ಕೀರೆ, ಸಬ್ಬಸಿಗೆ, ನುಗ್ಗೆ, ಹೊನಗೊನೆ, ಯಾವುದು ಸಿಕ್ಕರೂ ಆದೀತು. ಎರಡು ಮೂರು ಬಗೆ ಬೆರೆಸಿದರೆ ಇನ್ನೂ ಒಳ್ಳೆಯದು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯೋ ಅಣ್ಣೆ, ಗೋಣಿ, ಇನ್ನೂ ಏನೇನೋ ಎಲೆಗಳನ್ನು ಕಿತ್ತು ತಂದು ಬೆರಕೆ ಸೊಪ್ಪು ಅಂತ ಬೇಯಿಸುತ್ತಾರಲ್ಲ, ಅದರ ರುಚಿಗೆ ಸಾಟಿ ಇಲ್ಲ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಬೇಯೋ ಮುಂಚೆಯೇ ಒಂದಷ್ಟು ಸತ್ವ ನೀರುಪಾಲು. ತೊಳೆಯೋದಕ್ಕೂ ಒಂದು ರೀತಿ ಇದೆ. ಅಗಲದ ಪಾತ್ರೆಯಲ್ಲಿ ತುಂಬ ನೀರು ಹಾಕಿ, ಸೊಪ್ಪು ಮುಳುಗಿಸಿ, ಕೈಯಾಡಿಸಿ ಸ್ವಲ್ಪ ಹೊತ್ತು ಬಿಡಿ. ಮಣ್ಣು ತಳ ಸೇರುತ್ತದೆ. ಆಗ ಸೊಪ್ಪನ್ನು ಕೈಯಿಂದ ಮೇಲೆತ್ತಿ ಬೇರೆ ಪಾತ್ರೆಗೆ ಹಾಕಿ. ಪಾತ್ರೆಯನ್ನೇ ಬಗ್ಗಿಸಿ ನೀರು ಸುರಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬರುತ್ತದೆ. ನೀರಿನಲ್ಲಿ ಮಣ್ಣು ಕಾಣದೇ ಇರೋವರೆಗೂ ಹೀಗೇ ಮಾಡಿ. ಬಸ್ಸಾರಿನಲ್ಲಿ ಸೊಪ್ಪು ಬೆಂದ ನೀರನ್ನೇ ಉಣ್ಣುತ್ತೇವೆ. ಹಾಗಾಗಿ ಈ ಕೆಲಸದಲ್ಲಿ ಅವಸರ ಮಾಡಬೇಡಿ.

ಬೇಳೆ ತೊಗರಿಯದಾದರೆ ಮುಕ್ಕಾಲು ಪಾಲು ಬೆಂದಿರಬೇಕು. ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಕರಗಬಾರದು. ಅದಕ್ಕೇ ಬೇಳೆಗೆ ಕುಕ್ಕರ್ ಬೇಡ, ತೆರೆದ ಪಾತ್ರೆಯೇ ಸರಿ ಅಂತ ನನ್ನ ಅಭಿಪ್ರಾಯ. ಕುಕ್ಕರಿನಲ್ಲಿ ಒಂದು ವಿಷಲ್ ಜಾಸ್ತಿಯಾದರೆ ಬೇಳೆ ಮೆತ್ತಗಾಗಿ, ಬಸಿಯೋಕೆ ಹೋದರೆ ಎಲ್ಲವೂ ಕಟ್ಟಿಗೇ ಇಳಿಯುತ್ತದೆ. ಆಗ ಅದು ಬಸ್ಸಾರಲ್ಲ, ಮಸ್ಸೊಪ್ಪು. ಅದೂ ಒಳ್ಳೆಯ ಅಡುಗೆಯೇ, ಆದರೆ ಬೇರೆ ಅಡುಗೆ. ಹುರುಳಿಕಾಳಿಗೆ, ಅಲಸಂದೆಗೆ ಕುಕ್ಕರ್ ಬಳಸಿ, ತೊಂದರೆ ಇಲ್ಲ. ಬೇಳೆ ಆ ಹದಕ್ಕೆ ಬಂದ ಮೇಲೆ ಸೊಪ್ಪು, ಉಪ್ಪು ಹಾಕಿ. ಸೊಪ್ಪು ಬೇಯೋಕೆ ಕೆಲವೇ ನಿಮಿಷ ಸಾಕು. ಹಸಿರು ಬಣ್ಣ ಉಳೀಲಿ ಅಂತ ಕೆಲವರು ಚಿಟಿಕೆ ಅಡುಗೆ ಸೋಡ ಹಾಕುತ್ತಾರೆ. ದಯವಿಟ್ಟು ಬೇಡ. ಸೋಡ ಹಾಕಿದರೆ ವಿಟಮಿನ್ ಸಿ, ಥಯಾಮಿನ್ ಅನ್ನೋ ಬಿ1 ವಿಟಮಿನ್ ಎರಡೂ ಹಾಳಾಗುತ್ತವೆ. ಬಣ್ಣ ಉಳಿಯಬೇಕಾದರೆ ಮುಚ್ಚಳ ತೆಗೆದು ಬೇಯಿಸಿ, ಬೆಂದ ತಕ್ಷಣ ಬಸಿಯಿರಿ.

ಬಸಿದಾದ ಮೇಲೆ ಒಂದು ಲೋಟ ಕಟ್ಟನ್ನು ಹಾಗೇ ಕುಡಿದು ನೋಡಿ. ಚೂರು ಮೆಣಸು ಜೀರಿಗೆ ಕುಟ್ಟಿ ಹಾಕಿಕೊಂಡರೂ ಸರಿ. ಅಡುಗೆ ಕಲಿಯೋಕೆ ಬರುವವರಿಗೆ ನಾನು ಮೊದಲು ಮಾಡಿಸೋದೇ ಇದನ್ನು. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಆದರೂ ಇಷ್ಟು ರುಚಿ ಎಲ್ಲಿಂದ ಬಂತು ಅಂತ ಅವರೇ ಕೇಳುತ್ತಾರೆ. ಆಮೇಲೆ ಅವರು ಕಟ್ಟು ಚೆಲ್ಲಿದ್ದನ್ನು ನಾನು ನೋಡಿಲ್ಲ.

ಮಸಾಲೆ ಮನೆಮನೆಗೂ ಬೇರೆ. ನಾನು ಮಾಡೋದು ಹೀಗೆ. ಒಂದು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳು ಮೆಣಸು. ಇವನ್ನು ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ ಅಂಚು ಕಂದು ಬಣ್ಣಕ್ಕೆ ತಿರುಗೋವರೆಗೂ ಹುರಿಯುತ್ತೇನೆ. ಇದಕ್ಕೆ ಸ್ವಲ್ಪ ತೆಂಗಿನಕಾಯಿ ತುರಿ, ಸ್ವಲ್ಪ ಹುಣಸೆಹಣ್ಣು. ಇನ್ನೊಂದು ಮುಖ್ಯ ವಸ್ತು, ಬಸಿದ ಸೊಪ್ಪು ಬೇಳೆಯಿಂದಲೇ ಒಂದು ಹಿಡಿ. ಎಲ್ಲವನ್ನೂ ಸೇರಿಸಿ ನುಣ್ಣಗೆ ರುಬ್ಬಬೇಕು. ಸಾರಿಗೆ ಗಟ್ಟಿತನ ಕೊಡೋದು ಆ ಒಂದು ಹಿಡಿಯೇ. ಅದಿದ್ದರೆ ಕಾಯಿ ಜಾಸ್ತಿ ಬೇಕಾಗೋದಿಲ್ಲ. ಕಟ್ಟಿಗೆ ಬೆರೆಸಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗೋವರೆಗೂ ಕುದಿಸಿ. ಮಾರನೇ ದಿನ ಕಾಯಿಸಿ ಉಂಡರೆ ಇದರ ರುಚಿ ಇನ್ನೂ ಏರಿರುತ್ತದೆ ಅನ್ನೋದು ಉಂಡವರಿಗೆಲ್ಲ ಗೊತ್ತು.

ಉಪ್ಪಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚ. ನಾವು ಬೇಯುವಾಗ ಒಮ್ಮೆ ಹಾಕುತ್ತೇವೆ, ಸಾರು ಕುದಿಯುವಾಗ ಇನ್ನೊಮ್ಮೆ, ಪಲ್ಯಕ್ಕೆ ಮತ್ತೊಮ್ಮೆ. ಕೈ ಅಭ್ಯಾಸ, ಅಲ್ವಾ? ಬೇಯುವಾಗ ಹಾಕಿದ ಉಪ್ಪು ಸಾರಿಗೂ ಪಲ್ಯಕ್ಕೂ ಹಂಚಿಹೋಗಿರುತ್ತದೆ. ಕೊನೆಯಲ್ಲಿ ರುಚಿ ನೋಡಿ, ಕಡಿಮೆ ಅನ್ನಿಸಿದರೆ ಮೊದಲು ಹುಳಿ ಸರಿಮಾಡಿ. ಹುಳಿ, ಬೆಳ್ಳುಳ್ಳಿ, ಮೆಣಸು ಸರಿಯಾಗಿದ್ದರೆ ನಾಲಿಗೆ ಉಪ್ಪು ಕೇಳೋದು ಕಡಿಮೆಯಾಗುತ್ತದೆ.

ಬಸ್ಸಾರಿನ ಇನ್ನೊಂದು ರೂಪ ಉಪ್ಪೆಸರು, ಆಡುಮಾತಿನಲ್ಲಿ ಉಪ್ಸಾರು. ಕಟ್ಟಿಗೆ ಮಸಾಲೆ ಬೆರೆಸೋದೇ ಇಲ್ಲ. ಖಾರ ಬೇರೆಯಾಗಿ ರುಬ್ಬಿ ಇಡುತ್ತಾರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸ್ವಲ್ಪ ಉಪ್ಪು. ಅವರವರು ತಟ್ಟೆಯಲ್ಲಿ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಗುವಿಗೆ ಖಾರವಿಲ್ಲದ ಕಟ್ಟು, ಬಿಪಿ ಇರುವ ಅಜ್ಜನಿಗೆ ಉಪ್ಪು ಕಡಿಮೆ, ದುಡಿದು ಬಂದವರಿಗೆ ಖಾರ ಜಾಸ್ತಿ. ಒಂದೇ ಅಡುಗೆಯಲ್ಲಿ ಮನೆಮಂದಿಗೆಲ್ಲ ಹೊಂದುವ ಊಟ. ಸಾರಿಗೆ ತೊಟ್ಟು ಎಣ್ಣೆಯೂ ಬೇಡ. ಇಷ್ಟು ಜಾಣತನದ ಅಡುಗೆ ನಮ್ಮ ಹಳ್ಳಿಗಳಲ್ಲೇ ಇದೆ. ಅದನ್ನು ಬಡವರ ಊಟ ಅಂತ ಪಕ್ಕಕ್ಕೆ ಸರಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಪಲ್ಯಕ್ಕೆ ಹೆಚ್ಚು ಮಾತು ಬೇಡ. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಈರುಳ್ಳಿ, ಮೇಲೆ ಕಾಯಿತುರಿ. ಆದರೆ ಎರಡು ವಿಷಯ ನೆನಪಿಡಿ. ಒಗ್ಗರಣೆಗೆ ಸ್ವಲ್ಪ ಎಣ್ಣೆ ಬೇಕೇ ಬೇಕು. ಸೊಪ್ಪಿನಲ್ಲಿರುವ, ಮೈಯಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಕೊಬ್ಬಿನಂಶ ಇರಬೇಕು. ಎಣ್ಣೆಯನ್ನು ಪೂರ್ತಿ ಬಿಟ್ಟವರು ಇದನ್ನು ಗಮನಿಸಿ. ಎರಡನೆಯದು, ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಬೇಯುವಾಗ ವಿಟಮಿನ್ ಸಿ ಸಾಕಷ್ಟು ನಾಶವಾಗಿರುತ್ತದೆ, ನಿಂಬೆರಸ ಅದನ್ನು ತುಂಬಿಕೊಡುತ್ತದೆ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳೋಕೆ ವಿಟಮಿನ್ ಸಿ ಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ಹೆಂಗಸರ ತಟ್ಟೆಗೆ ಪಲ್ಯ ಎಷ್ಟು ಬಿದ್ದಿತು ಅಂತ ಯಾರಾದರೂ ನೋಡುತ್ತಾರಾ? ಇಲ್ಲಿ ಕೂತಿರುವ ಗಂಡಸರು ಇವತ್ತು ರಾತ್ರಿ ನೋಡಿ. ಊಟವಾದ ಕೂಡಲೇ ಕಾಫಿ ಟೀ ಕುಡಿಯೋದನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ.

ಇನ್ನು ಮುದ್ದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ತಳಿಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವು ನಮ್ಮ ಮಳೆಯಾಶ್ರಿತ ಹೊಲಗಳ ಇಳುವರಿಯನ್ನೇ ಬದಲಿಸಿದವು. ಮುದ್ದೆ ಉಣ್ಣುವವರೆಲ್ಲ ಆ ಹೆಸರನ್ನು ತಿಳಿದಿರಬೇಕು ಅಂತ ನನ್ನ ಆಸೆ. ರಾಗಿಯ ದೊಡ್ಡ ಗುಣ ಅದರ ಸಿಪ್ಪೆಯಲ್ಲಿದೆ. ಕಾಳು ತೀರ ಸಣ್ಣದು, ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ. ಅಕ್ಕಿಯ ಹಾಗೆ ಪಾಲಿಶ್ ಮಾಡೋದು ಸುಲಭವಲ್ಲ. ಅದಕ್ಕೇ ರಾಗಿಯನ್ನು ಇಡಿಯಾಗಿಯೇ ಬೀಸುತ್ತಾ ಬಂದಿದ್ದೇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಸಾಮೆ, ನವಣೆ ಕೊಳ್ಳುವಾಗ ಮಾತ್ರ ಹುಷಾರಾಗಿರಿ. ಅವುಗಳ ಹೊಟ್ಟು ತೆಗೆಯಲೇಬೇಕು, ಆದರೆ ಕೆಲವು ಕಡೆ ಬೆಳ್ಳಗಾಗಲಿ ಅಂತ ತವುಡನ್ನೂ ಉಜ್ಜಿ ತೆಗೆದಿರುತ್ತಾರೆ. ತೀರ ಬೆಳ್ಳಗಿರುವ ಸಿರಿಧಾನ್ಯಕ್ಕೆ ದುಬಾರಿ ದುಡ್ಡು ಕೊಟ್ಟು ತರಬೇಡಿ.

ಮುದ್ದೆ ಗಂಟಾಗುತ್ತೆ ಅಂತ ಹೊಸಬರು ಹೆದರುತ್ತಾರೆ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು, ಹಿಟ್ಟಿನ ಗುಣ ನೋಡಿಕೊಂಡು ಚೂರು ಹೆಚ್ಚು ಕಡಿಮೆ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ನೀರಿಗೆ ಹಾಕಿ. ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ, ಹಿಟ್ಟಿನ ಗುಡ್ಡೆ ಮೇಲೆ ನೀರು ಉಕ್ಕಿ ಬೇಯಲು ಬಿಡಿ. ಐದಾರು ನಿಮಿಷ ಕಾಯಬೇಕು. ಅವಸರಕ್ಕೆ ಮೊದಲೇ ತಿರುವಿದರೆ ಗಂಟು ಗ್ಯಾರಂಟಿ. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು, ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಮತ್ತೆ ಎರಡು ನಿಮಿಷ ಮುಚ್ಚಿಡಿ. ಒದ್ದೆ ಕೈಯಲ್ಲಿ ಕಟ್ಟಿ. ಬೆಂದ ಮುದ್ದೆ ಒದ್ದೆ ಬೆರಳಿಗೆ ಅಂಟೋದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಮುದ್ದೆ ಎಷ್ಟಾದರೂ ತಿನ್ನಬಹುದು ಅಂತ ನಂಬಿಕೊಂಡಿದ್ದಾರೆ. ಅದು ತಪ್ಪು. ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಬೆಂದದ್ದು, ರಕ್ತದಲ್ಲಿ ಸಕ್ಕರೆ ಏರಿಸಿಯೇ ಏರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ಊಟದ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ ಇರಬೇಕು ಅಂತಿದೆ. ನಮ್ಮ ತಟ್ಟೆ ನೋಡಿ. ದೊಡ್ಡ ಮುದ್ದೆ, ಅಂಚಿಗೆ ಎರಡು ಚಮಚ ಪಲ್ಯ. ಮುದ್ದೆಯನ್ನು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗಿ ಕಟ್ಟಿ, ಪಲ್ಯವನ್ನು ಬಟ್ಟಲು ತುಂಬ ಬಡಿಸಿ. ಅಡುಗೆ ಅದೇ, ಬಡಿಸುವ ಅಳತೆ ಮಾತ್ರ ಬದಲು. ಇನ್ನೊಂದು ಎಚ್ಚರಿಕೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ. ಸೊಪ್ಪು ಕಾಳಿನ ಪೊಟ್ಯಾಸಿಯಂ ಕಟ್ಟಿಗೆ ಇಳಿದಿರುತ್ತದೆ. ಎಲ್ಲರಿಗೂ ಒಳ್ಳೆಯದಾದ ಕಟ್ಟು ನಿಮಗೆ ತೊಂದರೆ ಕೊಡಬಹುದು. ವೈದ್ಯರನ್ನು ಕೇಳದೆ ಕುಡಿಯಬೇಡಿ.

ಟೈಮ್ ಇಲ್ಲ ಅನ್ನೋದು ನಿಜವಾದ ಕಷ್ಟ. ಅದನ್ನು ನೆಪ ಅಂತ ನಾನು ಕರೆಯೋದಿಲ್ಲ. ಕೆಲಸಕ್ಕೆ ಹೋಗುವವರು ಹುರುಳಿಕಾಳಿನಿಂದ ಶುರು ಮಾಡಿ. ಸೊಪ್ಪು ಬಿಡಿಸುವ ಕೆಲಸ ಇಲ್ಲ. ಶುಕ್ರವಾರ ರಾತ್ರಿ ನೆನೆಹಾಕಿ, ಶನಿವಾರ ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ, ಭಾನುವಾರಕ್ಕೆ ಮೊಳಕೆ ಬಂದಿರುತ್ತದೆ. ಕಾಳಿನಲ್ಲಿರುವ ಫೈಟೇಟ್ ಅನ್ನೋ ಅಂಶ ಕಬ್ಬಿಣ ಸತುವನ್ನು ಹಿಡಿದಿಡುತ್ತದೆ, ಮೊಳಕೆ ಬಂದಾಗ ಅದು ಕಡಿಮೆಯಾಗಿ ಅವು ಚೆನ್ನಾಗಿ ಮೈಗೆ ಹತ್ತುತ್ತವೆ. ಕುಕ್ಕರಿನಲ್ಲಿ ನೀರು ಜಾಸ್ತಿ ಇಟ್ಟು ಬೇಯಿಸಿ ಬಸಿದರೆ ಮಂದವಾದ ಕಟ್ಟು ಸಿಗುತ್ತದೆ. ಹುರಿದ ಮಸಾಲೆಯನ್ನು ಒಂದೇ ಸಲ ಜಾಸ್ತಿ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ವಾರದ ನಡುವೆ ಸಂಜೆ ಕಟ್ಟು ಬಸಿದು ಮಸಾಲೆ ಬೆರೆಸೋದಷ್ಟೇ ಕೆಲಸ.

ಮಕ್ಕಳು ಹೊರದೇಶದಲ್ಲಿದ್ದಾರೆ, ಅಲ್ಲಿ ನಮ್ಮ ಸೊಪ್ಪು ಸಿಗೋದಿಲ್ಲ ಅಂತ ಹೇಳುವ ತಾಯಂದಿರು ತುಂಬ ಜನ. ಸಬ್ಬಸಿಗೆ ಯುರೋಪಿನಲ್ಲೂ ಅಮೆರಿಕದಲ್ಲೂ ಮಾಮೂಲಿ ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿಯವರು ಮೀನಿಗೆ, ಉಪ್ಪಿನಕಾಯಿಗೆ ಹಾಕುತ್ತಾರೆ. ಪಾಲಕ್ ಎಲ್ಲ ಕಡೆ ಇದೆ. ಒಣಗಿದ ಅಲಸಂದೆ ಕಾಳೂ ಸಿಗುತ್ತದೆ. ಎರಡು ಪಾಲು ಪಾಲಕ್‌ಗೆ ಒಂದು ಪಾಲು ಸಬ್ಬಸಿಗೆ, ಜೊತೆಗೆ ರಾತ್ರಿಯೆಲ್ಲ ನೆನೆದ ಅಲಸಂದೆ. ಕಾಳನ್ನು ಮೊದಲು ಬೇಯಿಸಿಕೊಂಡು, ಸೊಪ್ಪನ್ನು ಕೊನೆಯಲ್ಲಿ ಎರಡೇ ನಿಮಿಷ ಬೇಯಿಸಬೇಕು. ಪಾಲಕ್ ಬೇಗ ಕರಗಿಬಿಡುತ್ತದೆ. ಇಷ್ಟನ್ನು ಇವತ್ತೇ ಫೋನ್ ಮಾಡಿ ಹೇಳಿ.

ಈಗ ನಿಮ್ಮ ನಿಮ್ಮ ಮನೆಯ ಮಸಾಲೆ ಹೇಗೆ ಅಂತ ಹೇಳಿ. ಬರೆದುಕೊಳ್ಳೋಕೆ ಪೆನ್ನು ತಂದಿದ್ದೇನೆ.