ಸಾಲು ಕೆರೆಯ ಮೇಲೆ ಒಂದು ದಿನ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಮೇಜಿನ ಮೇಲಿರುವ ಈ ಕಬ್ಬಿಣದ ಹಿಡಿ ಮೈಕ್ ರಿಪೇರಿಗೆ ತಂದದ್ದಲ್ಲ. ಬಾಗಿಲಲ್ಲೇ ಇಬ್ಬರು ಕೇಳಿದರು. ಇದರ ಹೆಸರು ವಿಂಡ್ಲೆಸ್. ಕೆನಾಲ್‌ನಲ್ಲಿ ದೋಣಿ ಓಡಿಸುವವರ ಕೈಯಲ್ಲಿ ಇದು ಇರಲೇಬೇಕು. ಕೈಯಿಂದ ಕೈಗೆ ಒಂದು ಸುತ್ತು ಹೋಗಿ ಬರಲಿ. ಭಾರ ಇದೆ, ಮಕ್ಕಳಿಗೆ ಕೊಡಬೇಡಿ.

ರಾಜ್ಯೋತ್ಸವದ ದಿನ ಕೆನಾಲ್ ಬಗ್ಗೆ ಮಾತು ಯಾಕೆ ಅಂತ ಕಾರ್ಯದರ್ಶಿಗಳು ಕೇಳಿದರು. ಹೊಟ್ಟೆಯುರಿಗೆ ಅಂದೆ. ನಾವೆಲ್ಲ ಇಂಗ್ಲೆಂಡಿನ ಈ ಕವೆಂಟ್ರಿಗೆ ಬಂದು ಹತ್ತು ಹದಿನೈದು ವರ್ಷ ಆಯಿತು. ಊರ ನಡುವಿನಿಂದ ನಡೆದು ಹೋಗುವಷ್ಟು ಹತ್ತಿರ ಕೆನಾಲ್ ಬೇಸಿನ್ ಇದೆ. ಅದರ ಏರಿ ಮೇಲೆ ನಡೆದವರು ಎಷ್ಟು ಜನ? ಕೈ ಎತ್ತಿ ನೋಡೋಣ. ನಾಲ್ಕು. ಅದರಲ್ಲಿ ಇಬ್ಬರ ಮನೆಯಲ್ಲಿ ನಾಯಿ ಇದೆ, ಆ ಕ್ರೆಡಿಟ್ ನಾಯಿಗೆ ಹೋಗಬೇಕು.

ಕಾಲುವೆ ಅಂದರೆ ನಮ್ಮ ತಲೆಯಲ್ಲಿ ಇರುವುದು ವಿಶ್ವೇಶ್ವರಯ್ಯ ನಾಲೆ. ಹರಿಯುವ ನೀರು, ಕೊನೆಗೆ ಗದ್ದೆ. ಇಲ್ಲಿನದು ಆ ಥರ ಅಲ್ಲ. ಇದು ಹರಿಯಲಿಕ್ಕೆ ಕಟ್ಟಿದ್ದೇ ಅಲ್ಲ, ನಿಲ್ಲಿಸಲಿಕ್ಕೆ ಕಟ್ಟಿದ್ದು. ನನ್ನನ್ನು ಕೇಳಿದರೆ ಇದು ಕಾಲುವೆಯೇ ಅಲ್ಲ, ಸಾಲು ಕೆರೆ. ಉದ್ದುದ್ದ ಕೆರೆಗಳು, ನಡುವೆ ಮೆಟ್ಟಿಲು. ಆ ಮೆಟ್ಟಿಲಿಗೆ, ಅಂದರೆ ಹಿಂದೆ ಮುಂದೆ ಬಾಗಿಲಿರುವ ತೊಟ್ಟಿಗೆ, ಲಾಕ್ ಅಂತ ಹೆಸರು. ಎರಡು ಲಾಕ್ ನಡುವಿನ ನೀರಿಗೆ ಇವರು ಪೌಂಡ್ ಅಂತಾರೆ. ದುಡ್ಡಿನ ಪೌಂಡ್ ಅಲ್ಲ. ಆದರೆ ಪೋಲು ಮಾಡಿದರೆ ಆಗುವ ಸಂಕಟ ಒಂದೇ. ಅದನ್ನು ನಾನು ಅನುಭವಿಸಿದ್ದೇನೆ, ಈಗ ಅದನ್ನೇ ಹೇಳಲಿಕ್ಕೆ ಬಂದಿರುವುದು.

ಹೋದ ವರ್ಷ ಮೇ ತಿಂಗಳು ಬ್ರಾನ್‌ಸ್ಟನ್‌ನಲ್ಲಿ ದೋಣಿ ಬಾಡಿಗೆಗೆ ಹಿಡಿದೆವು. ನಾನು, ನಮ್ಮ ಮನೆಯವರು, ಬಾಮೈದ, ಊರಿಂದ ಬಂದಿದ್ದ ನಮ್ಮ ಅತ್ತೆ. ದೋಣಿ 57 ಅಡಿ ಉದ್ದ, ಅಗಲ ಬರೀ 6 ಅಡಿ 10 ಇಂಚು. ಲಾಕ್‌ನ ಅಗಲ ಸುಮಾರು 7 ಅಡಿ. ಎರಡೂ ಪಕ್ಕ ಸೇರಿ ಎರಡು ಇಂಚು ಜಾಗ! ಅತ್ತೆ ಒಳಗೆ ಒಂದು ಸಲ ಓಡಾಡಿ ಬಂದು, 'ಇದು ದೋಣಿ ಅಲ್ಲಪ್ಪ, ರೈಲಿನ ಬೋಗಿ' ಅಂದರು.

ಚುಕ್ಕಾಣಿ ಬಾಮೈದನ ಕೈಗೆ ಕೊಟ್ಟೆ. ಅದನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಕಾರು ಓಡಿಸಿದ ತಲೆಗೆ ಇದು ಹತ್ತಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮೂರು ಸಲ ಜೊಂಡಿನೊಳಗೆ ನುಗ್ಗಿದೆವು. ಪುಣ್ಯಕ್ಕೆ ವೇಗ ಗಂಟೆಗೆ 4 ಮೈಲಿಗಿಂತ ಜಾಸ್ತಿ ಇರುವ ಹಾಗಿಲ್ಲ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತ ನಿಧಾನ. ಏರಿ ಮೇಲೆ ಬೆಳಗಿನ ವಾಕಿಂಗ್ ಹೊರಟಿದ್ದ ಒಬ್ಬ ಅಜ್ಜ ನಮ್ಮನ್ನು ದಾಟಿಕೊಂಡು ಹೋದರು, ತಿರುಗಿ ನೋಡಿ ಟೋಪಿ ಎತ್ತಿದರು.

ಬ್ರಾನ್‌ಸ್ಟನ್‌ನಿಂದ ನೇಪ್ಟನ್ ಗುಡ್ಡದ ಬುಡದ ತನಕ ಸುಮಾರು ಏಳು ಮೈಲಿ, ಒಂದೂ ಲಾಕ್ ಇಲ್ಲ. ಎಡಕ್ಕೆ ಬಲಕ್ಕೆ ಕುರಿ, ಮುಂದೆ ಗುಡ್ಡದ ಮೇಲೆ ಗಾಳಿಗಿರಣಿ. ಕೆನಾಲ್ ಎಷ್ಟು ತಿರುಗುತ್ತದೆ ಅಂದರೆ ಆ ಗಿರಣಿ ಒಮ್ಮೆ ಎದುರಿಗೆ, ಒಮ್ಮೆ ಪಕ್ಕಕ್ಕೆ. ಗುಡ್ಡ ಕಡಿಯುವ ಬದಲು ನೆಲದ ಮಟ್ಟ ಹಿಡಿದು ಸುತ್ತಿಕೊಂಡು ಹೋಗುವುದು ಬ್ರಿಂಡ್ಲಿಯ ದಾರಿ. ಕೆನಾಲ್ ಕಟ್ಟಿದ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಗೊತ್ತಲ್ಲ? ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ತಂದ ಬ್ರಿಡ್ಜ್‌ವಾಟರ್ ಕೆನಾಲ್, 1761. ಅಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಆಮೇಲೆ ಊರೂರಿಗೂ ಕೆನಾಲ್ ಹುಚ್ಚು ಹತ್ತಿತು. ನಮ್ಮ ಕವೆಂಟ್ರಿ ಕೆನಾಲ್, ಆಕ್ಸ್‌ಫರ್ಡ್ ಕೆನಾಲ್ ಎರಡಕ್ಕೂ ಮೊದಲು ಕೈ ಹಾಕಿದ್ದು ಆತನೇ. ಓದು ಬರಹ ಅಷ್ಟಕ್ಕಷ್ಟೇ. ಕೆಲಸ ಎಲ್ಲಾದರೂ ಸಿಕ್ಕಿಕೊಂಡರೆ ಹೋಗಿ ಹಾಸಿಗೆ ಮೇಲೆ ಮಲಗಿ ಯೋಚನೆ ಮಾಡುತ್ತಿದ್ದನಂತೆ. ಈ ಮಾತು ನಮ್ಮ ಮನೆಯವರಿಗೆ ಹೇಳಿ ನೋಡಿದೆ, ನಡೆಯಲಿಲ್ಲ.

ನೀರು ಭೂಮಿಗೆ ಇಂಗದ ಹಾಗೆ ಆತ ಮಾಡಿದ್ದು ಏನು ಗೊತ್ತಾ? ಜೇಡಿಮಣ್ಣಿಗೆ ನೀರು ಹಾಕಿ ತುಳಿಸಿ, ಮೆತ್ತಿದ್ದು. ಪಾರ್ಲಿಮೆಂಟಿನ ಸಮಿತಿ ಮುಂದೆ ಜೇಡಿಮಣ್ಣು ತಂದು ಕಲಸಿ, ತೊಟ್ಟಿ ಮಾಡಿ, ನೀರು ಹಾಕಿ ತೋರಿಸಿದ ಅಂತ ಒಂದು ಕಥೆ ಇದೆ. ನಮ್ಮೂರ ಕೆರೆ ಏರಿಗೂ ಮಣ್ಣು ತುಳಿಸಿಯೇ ಹಾಕಿದ್ದು. ಅದಕ್ಕೇ ನಾನು ಸಾಲು ಕೆರೆ ಅನ್ನುವುದು.

ಹಾಂ, ಇನ್ನೊಂದು. ಹಳೇ ಸೇತುವೆ ಬಂದಾಗ ಅದರ ಮೂಲೆಗೆ ಬಡಿದ ಕಬ್ಬಿಣದ ಪಟ್ಟಿ ನೋಡಿ. ಅದರಲ್ಲಿ ಉದ್ದಕ್ಕೆ ಗೀರುಗಳು, ನನ್ನ ಬೆರಳು ಪೂರ್ತಿ ಕೂರುವಷ್ಟು ಆಳ. ಯಾರೂ ಕೊರೆದದ್ದಲ್ಲ. ದೋಣಿ ಎಳೆಯುತ್ತಿದ್ದ ಕುದುರೆಯ ಹಗ್ಗ ತಾಗಿ ತಾಗಿ ಸವೆದದ್ದು. ಒದ್ದೆ ಹಗ್ಗ, ಅದಕ್ಕೆ ಮೆತ್ತಿಕೊಂಡ ಮರಳು, ನೂರು ವರ್ಷ. ಒಂದು ಕುದುರೆ 25 ಟನ್ ಎಳೆಯುತ್ತಿತ್ತು. ದೋಣಿಯ ಹಿಂಭಾಗದ ಪುಟ್ಟ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಒಲೆ, ಎಲ್ಲವೂ. ನಮ್ಮ ಕೆಲವರ ಕಿಚನ್ ಅದಕ್ಕಿಂತ ದೊಡ್ಡದು.

ಈಗ ನೇಪ್ಟನ್. ಮೊದಲು ಏಳು ಲಾಕ್, ಸ್ವಲ್ಪ ಬಿಟ್ಟು ಇನ್ನೆರಡು, ಒಟ್ಟು ಒಂಬತ್ತು. ಪಕ್ಕದ ಹೊಲದಲ್ಲಿ ಎಮ್ಮೆ ಮಂದೆ! ನಿಜವಾದ ಎಮ್ಮೆ, ಕರೀದು, ಕೊಂಬು ಹಿಂದಕ್ಕೆ. 'ಇದನ್ನು ನೋಡೋಕೆ ವಿಮಾನ ಹತ್ತಿ ಬಂದೆನಾ?' ಅಂದರು ಅತ್ತೆ. ಆದರೂ ಮಂಡಕ್ಕಿ ಬಟ್ಟಲು ಹಿಡಿದುಕೊಂಡು ಅಲ್ಲೇ ಕೂತು ನೋಡಿದ್ದೇ ನೋಡಿದ್ದು.

ಲಾಕ್ ಹತ್ತುವುದು ಸುಲಭ. ದೋಣಿ ಒಳಗೆ ತರಬೇಕು, ಹಿಂದಿನ ಬಾಗಿಲು ಹಾಕಬೇಕು, ಕೆಳಗಿನ ತೂಬು ಮುಚ್ಚಿದೆಯಾ ನೋಡಬೇಕು, ಮೇಲಿನ ತೂಬು ಎತ್ತಬೇಕು. ಪ್ಯಾಡಲ್ ಅಂತಾರೆ ಇವರು, ನನಗೆ ತೂಬು. ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಹಿಡಿಯಿಂದಲೇ ತಿರುಗಿಸುವುದು. ನೀರು ನುಗ್ಗುತ್ತದೆ, ದೋಣಿ ಒಂದಾಳೆತ್ತರ ಏಳುತ್ತದೆ. ಎರಡು ಲಾಕ್ ಹೀಗೇ ಆಯಿತು. ನನಗೆ ಜಂಬ ಬಂತು.

ಮೂರನೆಯದರಲ್ಲಿ ದೋಣಿ ಏಳಲೇ ಇಲ್ಲ. ಐದು ನಿಮಿಷ, ಹತ್ತು ನಿಮಿಷ. ನೀರು ನುಗ್ಗುವ ಸದ್ದು ಮಾತ್ರ ಜೋರಾಗಿದೆ. ಪಾಚಿ ಕಟ್ಟಿದ ಗೋಡೆ ನಡುವೆ ಬಾಮೈದ ಕೆಳಗೆ ನಿಂತು 'ಭಾವ, ಏನಾಯ್ತು?' ಅಂತ ಕೂಗುತ್ತಿದ್ದಾನೆ. ಭಾವನಿಗೆ ಗೊತ್ತಿದ್ದರೆ ತಾನೇ? ನಾನು ಮೇಲಿನ ತೂಬನ್ನು ಇನ್ನಷ್ಟು ಎತ್ತಿದೆ. ಆಗ ಮೇಲಿನ ಪೌಂಡ್ ಕಡೆ ಕಣ್ಣು ಹೋಯಿತು. ಅಂಚಿನ ಕೆಸರು ಕಾಣುತ್ತಿದೆ. ಅಲ್ಲಿ ಕಾಯುತ್ತಿದ್ದ ಇನ್ನೊಂದು ದೋಣಿ ಕೆಸರಿಗೆ ಕೂತು ಒಂದು ಪಕ್ಕಕ್ಕೆ ವಾಲಿದೆ. ಅದರ ಕಿಟಕಿಯಿಂದ ಒಬ್ಬ ಹೆಂಗಸು, ಕೈಯಲ್ಲಿ ಓರೆಯಾದ ಟೀ ಕಪ್ಪು, ನನ್ನನ್ನೇ ನೋಡುತ್ತಿದ್ದಾರೆ. ಮಾತಿಲ್ಲ. ಬೈದಿದ್ದರೆ ವಾಸಿ ಇತ್ತು.

ಅಷ್ಟರಲ್ಲಿ ಲಾಕ್ ಕಾಯುವ ಸ್ವಯಂಸೇವಕರು ಬಂದರು. ಎಪ್ಪತ್ತು ದಾಟಿದವರು. ಓಡಲಿಲ್ಲ. ಮೊದಲು ಮೇಲಿನ ತೂಬು ಇಳಿಸಿದರು. ಕೆಳಗಿನ ಬಾಗಿಲ ಹತ್ತಿರ ಹೋಗಿ ಬಗ್ಗಿ ನೋಡಿದರು, ಅಲ್ಲಿ ಒಂದು ತೂಬು ಗೇಣುದ್ದ ಎತ್ತೇ ಇತ್ತು. ಅದು ನಾನು ಮುಚ್ಚಬೇಕಾಗಿದ್ದ ತೂಬು. ಮೇಲಿಂದ ಬಂದ ನೀರೆಲ್ಲ ಅಲ್ಲಿಂದ ಸುಮ್ನೆ ಕೆಳಗೆ ಹೋಗುತ್ತಿತ್ತು. ಮುಚ್ಚಿ, ಕೈ ಒರೆಸಿಕೊಂಡು, ನನ್ನ ಹತ್ತಿರ ಬಂದು ಕೇಳಿದರು: 'ನಿಮ್ಮ ಊರಲ್ಲಿ ನೀರು ಜಾಸ್ತೀನಾ?'

ನಾನು ಚಳ್ಳಕೆರೆಯವನು!

ನೀವು ನಗುತ್ತೀರಿ, ನಗಿ. ನಮ್ಮ ತಾತನ ಕಾಲದಲ್ಲಿ ನೀರುಗಂಟಿ ಹೇಳದೆ ತೂಬಿಗೆ ಕೈ ಹಾಕಿದರೆ ಪಂಚಾಯ್ತಿ ಸೇರುತ್ತಿತ್ತು. ಆ ಮನೆಯ ಮೊಮ್ಮಗ ವಾರ್ವಿಕ್‌ಶೈರಿಗೆ ಬಂದು ಕೆರೆ ಬರಿದು ಮಾಡಿದ. ಆ ಹಿರಿಯರು ಮೇಲಿನ ಪೌಂಡ್‌ಗಳಿಂದ ಹದವಾಗಿ ನೀರು ಬಿಟ್ಟು, ಆ ದೋಣಿ ಮತ್ತೆ ತೇಲುವ ತನಕ ಒಂದೂವರೆ ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಲೆಕ್ಕ ಹೇಳಿಕೊಟ್ಟರು. ಒಂದು ಲಾಕ್ ತುಂಬಲಿಕ್ಕೆ ಸುಮಾರು 1 ಲಕ್ಷ ಲೀಟರ್. ಬೆಂಗಳೂರಿನ 6,000 ಲೀಟರ್ ಟ್ಯಾಂಕರ್ ಹದಿನಾರು ಹದಿನೇಳು. ಒಂದೊಂದು ದೋಣಿ ದಾಟಿದಾಗಲೂ ಅಷ್ಟು ನೀರು ಒಂದು ಮೆಟ್ಟಿಲು ಇಳಿಯುತ್ತದೆ. ಗುಡ್ಡದ ಮೇಲಿನ ಕೆರೆಯೇ ಅದನ್ನು ಕೊಡಬೇಕು. ನಾನು ಹೇಳಿದೆನಲ್ಲ, ಸಾಲು ಕೆರೆ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಬಿಸಿಬೇಳೆಬಾತ್ ಬಂದಿದೆಯಂತೆ. ಸುರಂಗದಲ್ಲಿ ಮಲಗಿ ಗೋಡೆಗೆ ಕಾಲು ಒದ್ದು ದೋಣಿ ನಡೆಸುತ್ತಿದ್ದವರ ಬಗ್ಗೆ ಹೇಳಬೇಕಿತ್ತು, ದೋಣಿ ಮೇಲೆ ಬಿಡಿಸುವ ಗುಲಾಬಿ ಮತ್ತು ಕೋಟೆ ಚಿತ್ರದ ಬಗ್ಗೆ ಹೇಳಬೇಕಿತ್ತು. ಬಿಟ್ಟೆ. 1963ರ ಚಳಿಗಾಲದಲ್ಲಿ ಕೆನಾಲ್‌ಗಳೆಲ್ಲ ಹೆಪ್ಪುಗಟ್ಟಿ ಸರಕು ಸಾಗಣೆಯ ಕಥೆ ಹೆಚ್ಚುಕಡಿಮೆ ಮುಗಿದದ್ದು, ಅದೂ ಇನ್ನೊಮ್ಮೆ.

ಇದೊಂದು ಮಾತು ಮಾತ್ರ. ಈಗ ಸುಮಾರು 2,000 ಮೈಲಿ ನೀರನ್ನು ನೋಡಿಕೊಳ್ಳುವುದು ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್, 2012ರಿಂದ. 2027ರಿಂದ ಸರ್ಕಾರದ ಹಣ ವರ್ಷ ವರ್ಷ ಇಳಿಯುತ್ತದೆ. 2025ರಲ್ಲಿ ಮಳೆ ಕೈಕೊಟ್ಟಾಗ ಎಷ್ಟೋ ಕಡೆ ಲಾಕ್‌ಗೇ ಬೀಗ ಹಾಕಿದ್ದರು. ಅವರಿಗೆ ಸ್ವಯಂಸೇವಕರು ಬೇಕು. ತರಬೇತಿ ಅವರೇ ಕೊಡುತ್ತಾರೆ. ನಾನು ಈ ಏಪ್ರಿಲ್‌ನಲ್ಲಿ ಸೇರಿದೆ, ವಾರಕ್ಕೆ ಒಂದು ದಿನ. ಅಂದರೆ ನಾನೀಗ ಇಂಗ್ಲೆಂಡಿನ ನೀರುಗಂಟಿ. ಅತ್ತೆಗೆ ಫೋನ್‌ನಲ್ಲಿ ಹೇಳಿದೆ. 'ಸಂಬಳ ಎಷ್ಟು?' ಅಂದರು.

ಜೊತೆಗೆ ಬರುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಆ ವಿಂಡ್ಲೆಸ್ ಈಗ ಯಾರ ಹತ್ತಿರ ಇದೆ? ಹಿಂದಿನ ಸಾಲಿನಲ್ಲಾ? ಅಲ್ಲೇ ಇರಲಿ, ಹೋಗುವಾಗ ತೆಗೆದುಕೊಳ್ಳುತ್ತೇನೆ. ಅದಕ್ಕೆ ಗ್ರೀಸ್ ಮೆತ್ತಿದೆ, ಮುಟ್ಟಿದವರೆಲ್ಲ ಕೈ ತೊಳೆದುಕೊಂಡೇ ತಟ್ಟೆ ಹಿಡಿಯಿರಿ.